ಕುಂಬಾರನಿಗೆ ಗಂಟೆ, ನನಗೆ ನಿಮಿಷ

ಹನುಮಂತನಗರದ ನಮ್ಮ ಮನೆ ತಾರಸಿಯ ಮೇಲೆ, ಒಗೆಯುವ ಕಲ್ಲಿನ ಪಕ್ಕ, ಮಡಕೆ ಸುಡುವ ಒಂದು ಎಲೆಕ್ಟ್ರಿಕ್ ಆವಿಗೆ ಇದೆ. ಸೆಕೆಂಡ್ ಹ್ಯಾಂಡ್. ನೋಡಲು ಥೇಟ್ ಹಳೇ ವಾಷಿಂಗ್ ಮಷೀನ್. ಕೆಲಸದಾಕೆ ಮೊದಲ ದಿನವೇ ಅದರೊಳಗೆ ಎರಡು ಬೆಡ್‌ಶೀಟ್ ತುಂಬಿ, "ಸ್ವಿಚ್ ಎಲ್ಲಮ್ಮಾ?" ಎಂದು ಕೇಳಿದ್ದಳು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನನಗೆ ಹತ್ತಿದ ಮಣ್ಣಿನ ಹುಚ್ಚಿಗೆ ಸಾಕ್ಷಿ ಅದು.

ಆವಿಗೆಯ ಪಕ್ಕದಲ್ಲಿ ಒಂದು ಡಬ್ಬಿ, ಅದರಲ್ಲಿ ಕಂಟ್ರೋಲರ್. ಎರಡು ಸಾಲು ಅಂಕಿ ಹೊಳೆಯುತ್ತದೆ: ಮೇಲಿನದು ಒಳಗೆ ಈಗ ಇರುವ ಶಾಖ, ಕೆಳಗಿನದು ಇರಬೇಕಾದ ಶಾಖ. ಮದುವೆಯಾಗಿ ಮೂವತ್ತೈದು ವರ್ಷ ಆದವಳಿಗೆ ಇವೆರಡರ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೊದಲ ಸಲ ಆನ್ ಮಾಡಿದಾಗ ಅದು "ಓರಲ್, ಓರಲ್" ಎಂದು ಮಿನುಗತೊಡಗಿತು. ನಮ್ಮೆಜಮಾನರು ಕನ್ನಡಕ ಏರಿಸಿ ನೋಡಿ, "ಥರ್ಮಾಮೀಟರನ್ನ ಬಾಯಲ್ಲಿ ಇಡಬೇಕಂತೆ" ಅಂದರು. ಪುಸ್ತಕ ತಿರುವಿದರೆ, ಸೆನ್ಸರ್‌ನ ಅಳತೆ ಮಿತಿ ಮೀರಿದೆ ಎಂದು ಅದರ ಅರ್ಥ. ಮೀರದೆ ಏನು, ಸೆನ್ಸರ್ ತಂತಿಯೇ ಬಿಚ್ಚಿಕೊಂಡಿತ್ತು.

ಆ ಸೆನ್ಸರ್ ಹೆಸರು ಥರ್ಮೊಕಪಲ್. ಬೇರೆಬೇರೆ ಲೋಹದ ಎರಡು ತಂತಿಗಳ ತುದಿ ಬೆಸೆದಿರುತ್ತಾರೆ. ತುದಿ ಕಾದರೆ ಇಷ್ಟೇ ಇಷ್ಟು ಕರೆಂಟಿನ ಒತ್ತಡ ಹುಟ್ಟುತ್ತದೆ. 1000 ಡಿಗ್ರಿಗೆ 41 ಮಿಲಿವೋಲ್ಟ್. ಗಡಿಯಾರಕ್ಕೆ ಹಾಕುವ ಪೆನ್ ಸೆಲ್ ಇದಕ್ಕಿಂತ ಮೂವತ್ತಾರು ಪಟ್ಟು ಜೋರು. ಎಲೆಕ್ಟ್ರಿಷಿಯನ್ ಬಂದ, ಒಂದು ಹಳದಿ, ಒಂದು ಕೆಂಪು ತಂತಿ ನೋಡಿ, "ಕೆಂಪು ಪ್ಲಸ್ ಮೇಡಂ, ಇದೆಲ್ಲ ಕೇಳ್ಬೇಕಾ" ಎಂದು ಜೋಡಿಸಿ ಮುನ್ನೂರು ತೆಗೆದುಕೊಂಡು ಹೋದ. ಆನ್ ಮಾಡಿದೆ. 27 ಇದ್ದದ್ದು 22 ಆಯಿತು. 15. 6. ಆಮೇಲೆ ಮೈನಸ್! ಮುಚ್ಚಳ ಮುಟ್ಟಿದರೆ ಬೆಚ್ಚಗಿದೆ, ಕಂಟ್ರೋಲರ್ ಮಾತ್ರ ಲಡಾಖ್ ತೋರಿಸುತ್ತಿದೆ. ಒಳಗೆ ಕಾದಷ್ಟೂ ಅದಕ್ಕೆ ಚಳಿ ಹೆಚ್ಚಿ, ಇನ್ನಷ್ಟು ಕರೆಂಟು ಸುರಿಯುತ್ತದೆ. ಓಡಿಹೋಗಿ ಮೇನ್ ಇಳಿಸಿದೆ. ನಮ್ಮಲ್ಲಿದ್ದದ್ದು ಅಮೆರಿಕದ ಪದ್ಧತಿಯ ತಂತಿ. ಅದರಲ್ಲಿ ಹಳದಿ ಪ್ಲಸ್ಸು, ಕೆಂಪು ಮೈನಸ್ಸು. ಅರಿಶಿನ ಪ್ಲಸ್, ಕುಂಕುಮ ಮೈನಸ್ ಎಂದು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಹೊಸದಾಗಿ ಬಂದವರು ಅದನ್ನು ವ್ರತದ ವಿಷಯ ಅಂದುಕೊಳ್ಳುತ್ತಾರೆ.

ಇಷ್ಟು ತಿಳಿದ ಮೇಲೆ ನನಗೂ ಸ್ವಲ್ಪ ಹಮ್ಮು ಬಂತು. ದೀಪಾವಳಿಗೆ ನಲವತ್ತು ಹಣತೆ ಮಾಡಿದ್ದೆ. ಮೊದಲ ಸುಡುವಿಕೆಯ ಲೆಕ್ಕ ಕಾಗದದಲ್ಲಿ ಅಚ್ಚುಕಟ್ಟಾಗಿತ್ತು. 100 ಡಿಗ್ರಿಗೆ ಎರಡು ಗಂಟೆ. ಹಸಿ ಆರಲು ಅಲ್ಲೇ ಒಂದು ಗಂಟೆ. ಅಲ್ಲಿಂದ 600ಕ್ಕೆ ಐದು ಗಂಟೆ. ನಡುವೆ 573ರಲ್ಲಿ ಮಣ್ಣಿನೊಳಗಿನ ಸ್ಫಟಿಕದ ಕಣಗಳು ಒಮ್ಮೆಲೇ ಹಿಗ್ಗುವುದರಿಂದ ಅವಸರ ಕೂಡದು. ಕೊನೆಗೆ 1000ಕ್ಕೆ ನಾಲ್ಕು ಗಂಟೆ. ಬಾಣದ ಗುರುತಿನ ಬಟನ್ ಒತ್ತಿ ಒತ್ತಿ 2, 1, 5, 4 ಎಂದು ತುಂಬಿಸಿ, ಮಣ್ಣಿನದೊಂದು ಪುಟ್ಟ ಗಣಪನನ್ನು ಮುಚ್ಚಳದ ಮೇಲೆ ಕೂರಿಸಿ, ಕಾಫಿಗೆ ಕೆಳಗಿಳಿದೆ.

ಡಿಕಾಕ್ಷನ್ ಇಳಿಯುವುದರೊಳಗೆ ಮೇಲೆ "ಡಬ್" ಎಂದಿತು. ಸ್ವಲ್ಪ ಹೊತ್ತಿಗೆ "ಡಬ್ ಡಬ್". ಪಕ್ಕದ ಮನೆಯ ಹುಡುಗ ಕಾಂಪೌಂಡ್ ಹತ್ತಿ, "ಆಂಟಿ, ಹಬ್ಬಕ್ಕೆ ಇನ್ನೂ ವಾರ ಇದೆ" ಎಂದು ಜ್ಞಾಪಿಸಿದ. ತಾರಸಿಗೆ ಹೋಗಿ ನೋಡಿದರೆ ಒಳಗಿನ ಶಾಖ 190, ಇರಬೇಕಾದ ಶಾಖ 900 ಚಿಲ್ಲರೆ. ನೋಡನೋಡುತ್ತಲೇ ಹನ್ನೆರಡನೇ ನಿಮಿಷ ತುಂಬಿ, ಕಂಟ್ರೋಲರ್ "ಸ್ಟಾಪ್" ಎಂದು ಬರೆದು, ತನ್ನ ಡ್ಯೂಟಿ ಮುಗಿಯಿತೆಂದು ತೆಪ್ಪಗೆ ಕೂತಿತು.

ಅದು ಕೇಳಿದ್ದು ನಿಮಿಷ. ನಾನು ಕೊಟ್ಟದ್ದು ಗಂಟೆ. ಹನ್ನೆರಡು ನಿಮಿಷದಲ್ಲಿ ಉಪ್ಪಿಟ್ಟಿಗೆ ರವೆ ಹುರಿಯಬಹುದು, ಹಣತೆ ಸುಡುವುದಕ್ಕಾಗುತ್ತದೆಯೇ? ಮಣ್ಣಿನಲ್ಲಿ ಉಳಿದ ಒಂದು ಹನಿ ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಉಬ್ಬುತ್ತದೆ. ದಾರಿ ಸಿಗದಿದ್ದರೆ ಹಣತೆಯನ್ನೇ ಒಡೆದುಕೊಂಡು ಬರುತ್ತದೆ.

ಹೊಟ್ಟೆ ಉರಿದದ್ದು ಮಣ್ಣಿಗಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೂವತ್ತು ವರ್ಷ ಹಳ್ಳಿಯಿಂದ ಬಂದವರಿಗೆ ನಾನು ಹೇಳಿದ್ದು ಒಂದೇ ಪಾಠ: "ನೂರಕ್ಕೆ ಎರಡು ಅಂತಾನಲ್ಲ ನಿಮ್ಮ ಸಾಹುಕಾರ, ಅದು ತಿಂಗಳಿಗೆ ಕಣ್ರೀ. ವರ್ಷಕ್ಕೆ ಇಪ್ಪತ್ನಾಲ್ಕಾಯ್ತು. ಅಂಕಿ ಆಮೇಲೆ ನೋಡಿ, ಮೊದಲು ಯಾವ ಲೆಕ್ಕ ಕೇಳಿ." ಅದೇ ನಾನು!

ಮುಚ್ಚಳ ತೆಗೆದಾಗ ಸಿಕ್ಕಿದ್ದು ಹನ್ನೊಂದು ಹಣತೆ, ಒಂದು ಮೊರ ಚೂರು. ನಮ್ಮೆಜಮಾನರು ಒಂದು ಚೂರನ್ನು ಬೆಳಕಿಗೆ ಹಿಡಿದು, "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೂ ನೀನೇ, ದೊಣ್ಣೆಯೂ ನೀನೇ" ಅಂದರು. ಮೂವತ್ತೈದು ವರ್ಷದಲ್ಲಿ ಅವರು ಆಡಿದ ಒಳ್ಳೆಯ ಮಾತು ಅದೊಂದೇ. ಅದಕ್ಕೂ ನನ್ನ ಖರ್ಚು.

ಮತ್ತೆ ಮಾಡಿ ಒಣಗಿಸುವಷ್ಟು ದಿನ ಇರಲಿಲ್ಲ, ಮೇಲಾಗಿ ಮಳೆ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಆಟೋ ಹಿಡಿದೆ. ಹಣತೆ ಎಣಿಸುತ್ತಿದ್ದ ಕುಂಬಾರರ ಹತ್ತಿರ ನನ್ನ ಕಂಟ್ರೋಲರ್ ಪುರಾಣ ಬಿಚ್ಚಿದೆ. ಅವರು ಕೈ ನಿಲ್ಲಿಸದೆ, "ನಾವು ಬೆಂಕಿ ಬಣ್ಣ ನೋಡ್ತೀವಮ್ಮ" ಅಂದರು. ಎರಡು ಹಣತೆ ಕೊಸರೂ ಹಾಕಿದರು.

ಹಬ್ಬದ ಸಂಜೆ ನಾದಿನಿ ಒಂದು ಹಣತೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟಿಣ್ ಎಂದದ್ದು ಕೇಳಿ ಕಣ್ಣರಳಿಸಿದಳು. "ಅತ್ತಿಗೆ, ಎಷ್ಟು ಹದವಾಗಿ ಸುಟ್ಟಿದ್ದೀರಿ! ಎಷ್ಟು ಹೊತ್ತು ಬೇಕಾಯ್ತು?"

ನಮ್ಮೆಜಮಾನರು ಕೆಮ್ಮಿದರು.

"ಹೋಗಿಬರೋದು ಸೇರಿ ಎರಡೂವರೆ ಗಂಟೆ" ಅಂದೆ.