ಚಿಕ್ಕಪ್ಪ ಕೇಳಿದ ಪೊಟ್ಟಣ

ಚಿಂತಾಮಣಿ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪ ಆರು ಜೇನುಪೆಟ್ಟಿಗೆ ಇಟ್ಟಿದ್ದಾರೆ. ಹೋದ ವಾರ ಫೋನಲ್ಲಿ, "ಜೇನಿಗೆ ಹಾಕೋ ಒಳ್ಳೇ ಬ್ಯಾಕ್ಟೀರಿಯಾ ಪುಡಿ ನಿಮ್ಮ ಕಡೆ ಸಿಗುತ್ತಂತಲ್ಲಪ್ಪ, ಬರುವಾಗ ಎರಡು ಪೊಟ್ಟಣ ತಂದ್ಬಿಡು" ಅಂದರು. ಸಿಗುತ್ತೆ, ಆದರೆ ತರಲ್ಲ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು.

ನಾನಿರುವುದು ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ. ಸುತ್ತಲೂ ಬಾದಾಮಿ ತೋಟ. ಫೆಬ್ರವರಿಯಲ್ಲಿ ಹೂ ಬಿಡುವ ಹೊತ್ತಿಗೆ ಲಾರಿಗಟ್ಟಲೆ ಪೆಟ್ಟಿಗೆಗಳು ಬಂದಿಳಿಯುತ್ತವೆ. ಅಮೆರಿಕದ ಸಾಕುಜೇನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಗ ಇಲ್ಲೇ. ಇಂಥ ಜಾತ್ರೆಯಲ್ಲಿ ರೋಗ ಹರಡದೆ ಇರುತ್ತಾ? ಮರಿ ಕೊಳೆಯುವ ಫೌಲ್‌ಬ್ರೂಡ್ ರೋಗಕ್ಕೆ ಹೆದರಿ ಇಲ್ಲಿ ಎಷ್ಟೋ ಜನ ಸಕ್ಕರೆ ಪುಡಿಯಲ್ಲಿ ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್ ಔಷಧಿ ಕಲಸಿ ಹಾಕುತ್ತಿದ್ದರು, ಅದೂ ರೋಗ ಬರುವ ಮೊದಲೇ. ಹಿತ್ತಲಿನ ನನ್ನೆರಡು ಪೆಟ್ಟಿಗೆಗೆ ನಾನೂ ಹಾಕಿದ್ದೆ. 2017ರಿಂದ ಪಶುವೈದ್ಯರ ಅಪ್ಪಣೆ ಇಲ್ಲದೆ ಕೊಡುವಂತಿಲ್ಲ. ಅದೇ ವರ್ಷ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದಾಗ, ಈ ಔಷಧಿ ತಿಂದ ಜೇನುಗಳ ಕರುಳಿನ ಬ್ಯಾಕ್ಟೀರಿಯಾ ತುಂಬಾ ಕಡಿಮೆಯಾಗಿತ್ತು. ಗೂಡಿಗೆ ವಾಪಸ್ ಬಿಟ್ಟರೆ ಬದುಕಿ ಉಳಿದದ್ದೂ ಕಡಿಮೆ.

ಆ ಬ್ಯಾಕ್ಟೀರಿಯಾ ಬಿಟ್ಟಿ ಕೂರುವ ನೆಂಟರಲ್ಲ. ಗಿಲಿಯಮೆಲ್ಲಾ ಅನ್ನುವುದು ಪರಾಗದ ಗೋಡೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟನ್ನು ಒಡೆಯುತ್ತೆ. ಸ್ನೋಡ್‌ಗ್ರಾಸೆಲ್ಲಾ ಕರುಳಿನ ಗೋಡೆಗೆ ಪದರದಂತೆ ಅಂಟಿ ಕೂರುತ್ತೆ. ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಬಳಗದವೂ ಇವೆ. ನಮ್ಮ ತುಡುವೆ ಜೇನಿನ ಹೊಟ್ಟೆಯಲ್ಲೂ ಇವೇ ಜಾತಿಗಳ ದಾಯಾದಿಗಳು. ಎರಿಯಿಂದ ಆಗಷ್ಟೇ ಹೊರಬಂದ ಜೇನಿನ ಹೊಟ್ಟೆಯಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕಾರು ದಿನದಲ್ಲಿ ದೊಡ್ಡ ಜೇನುಗಳ ಒಡನಾಟದಿಂದ, ಎರಿಯಿಂದ ಬಂದು ಸೇರುತ್ತವೆ. ಅಮ್ಮ ಪಕ್ಕದ ಮನೆಯಿಂದ ಹೆಪ್ಪು ತರಿಸುತ್ತಿದ್ದಳಲ್ಲ, ಹಾಗೆ. ಇಲ್ಲಿ ಔಷಧಿ ಹಾಕಿ ಮನೆಯ ಹೆಪ್ಪನ್ನು ತಾವೇ ಚೆಲ್ಲಿ ಈಗ ಅಂಗಡಿಯಲ್ಲಿ ಪೊಟ್ಟಣ ಕೊಳ್ಳುತ್ತಿದ್ದಾರೆ. ಆ ಪೊಟ್ಟಣದಲ್ಲಿರುವುದು ಎಷ್ಟೋ ಸಲ ಜೇನಿನ ಕರುಳಿನವೇ ಅಲ್ಲ, ಬೇರೆ ಕಡೆಯವು. ಬರುತ್ತವೆ, ಹೋಗುತ್ತವೆ. ಒಂದು ವರ್ಷ ನಾನೂ ಹಾಕಿ ನೋಡಿದೆ. ದುಡ್ಡು ಹೋಗಿದ್ದೊಂದು ಗೊತ್ತಾಯಿತು.

ಬ್ಯಾಕ್ಟೀರಿಯಾವನ್ನು ಉಳಿಸಿಕೊಳ್ಳಬೇಕು ಅನ್ನೋದು ನಮ್ಮ ಕಡೆಯವರಿಗೆ ಅರ್ಥವಾಗೋದು ಕಷ್ಟ, ಕಾರಣ ರೇಷ್ಮೆ. ಶಿಡ್ಲಘಟ್ಟದ ಸುತ್ತ ಹುಳದ ಮನೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಕ್ರಿಮಿಯನ್ನೆಲ್ಲ ಕೊಂದರೇನೇ ಸುಣ್ಣಕಟ್ಟು ರೋಗ ಬರಲ್ಲ ಅಂತ ಕಲಿತವರು ನಾವು. ಹುಳಕ್ಕೆ ಅದು ಸರಿ. ಜೇನುಪೆಟ್ಟಿಗೆಗೆ ಆ ಲೆಕ್ಕ ಹಿಡಿಯಬಾರದು. ಆದರೆ ಅದೇ ರೇಷ್ಮೆಯವರ ಇನ್ನೊಂದು ಬುದ್ಧಿ ನನಗೆ ಇಷ್ಟ: ಹಿಪ್ಪುನೇರಳೆ ತೋಟದ ಪಕ್ಕ ಯಾರಾದರೂ ಔಷಧಿ ಹೊಡೆದರೆ ಜಗಳಕ್ಕೇ ನಿಲ್ಲುತ್ತಾರೆ. ಟೊಮೆಟೊ ತೋಟದ ಪಕ್ಕ ಜೇನು ಇಟ್ಟವನಿಗೆ ಆ ಧೈರ್ಯ ಯಾಕಿಲ್ಲ?

ಕಳೆಗೆ ಹೊಡೆಯುವ ಗ್ಲೈಫೋಸೇಟ್ ಕೂಡ ಜೇನಿನ ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಮಾಡುತ್ತೆ ಅಂತ 2018ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ವರದಿ ಬಂತು. ನಾನು ಊರಿಗೆ ಬಂದಾಗೆಲ್ಲ ನೋಡುತ್ತೇನೆ, ಬದುವಿನ ತುಂಬೆ ಗಿಡ ಒಣಗಿ ಕೆಂಪಗಿರುತ್ತೆ. ಅದು ಜೇನಿನ ಊಟದ ತಟ್ಟೆ, ಅಲ್ವಾ?

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಮರಿಗಳ ರೋಗ ಬಂದು ತುಡುವೆ ಜೇನು ಹೇಗೆ ಖಾಲಿಯಾಯಿತು ಅಂತ ಅವರೇ ನನಗೆ ನೆನಪಿಸಿದರು. "ಆಗ ಈ ಪುಡಿ ಇದ್ದಿದ್ದರೆ?" ಅದು ವೈರಸ್, ಪುಡಿಯಿಂದ ಏನೂ ಆಗುತ್ತಿರಲಿಲ್ಲ ಅಂದೆ. ಬದುವಿಗೆ ಕಳೆ ಔಷಧಿ ಬಿಡಿ, ಹೊಂಗೆ ಮರ ಕಡಿಸಬೇಡಿ, ಜೇನು ತೆಗೆಯುವಾಗ ಅವುಗಳ ಪಾಲಿಗೂ ಎರಿ ಉಳಿಸಿ ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ ಬಿಡು. ಹಾಗಾದ್ರೆ ಬಾದಾಮಿನಾದ್ರೂ ಒಂದೆರಡು ಕೆ.ಜಿ. ತಗೊಂಡು ಬಾ."