ಹಾಲು, ರಾಗಿ ಅಷ್ಟೇ ಸಾಕಾ?

ಮೂಳೆ ಟೊಳ್ಳಾಗದಿರಲು ಹಾಲು, ರಾಗಿ ಸಾಕು ಎನ್ನುವ ಹಾಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅದು ಅರ್ಧ ಮಾತು. ನಮ್ಮ ಶಿರಸಿ ಕಡೆ ಮಳೆಗಾಲ ಬಂತೆಂದರೆ ದಮ್ಮಿಗೆ ಸ್ಟೀರಾಯ್ಡ್ ಮಾತ್ರೆ ನುಂಗುವವರು ಎಷ್ಟು ಜನ! ಮೂರು ತಿಂಗಳು ಮೀರಿ ತೆಗೆದುಕೊಂಡರೆ ಮೂಳೆ ಸೊರಗುತ್ತದೆ, ಹಾಗಂತ ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಲೂಬಾರದು. 45ಕ್ಕೆ ಮೊದಲೇ ಮುಟ್ಟು ನಿಂತವರು, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು, ಅಪ್ಪನಿಗೋ ಅಮ್ಮನಿಗೋ ಸೊಂಟದ ಮೂಳೆ ಮುರಿದಿದ್ದರೆ ಅಂಥವರು, ಇವರಿಗೆಲ್ಲ ಅಪಾಯ ಜಾಸ್ತಿ. ಬೀಡಿ ಸೇದುವ ಗಂಡಸರೂ ಇದಕ್ಕೆ ಹೊರತಲ್ಲ, ಅಲ್ವಾ? ನಮ್ಮ ಅತ್ತೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಮನೆಯವರೆಲ್ಲ ಪಾಚಿಗೇ ಬೈದೆವು. ಆಮೇಲೆ ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5ಕ್ಕಿಂತ ಕೆಳಗೆ, ಅಂದರೆ ಮೂಳೆ ಆಗಲೇ ಟೊಳ್ಳಾಗಿತ್ತು.