ಆರ್ಟಿಕಲ್‌ಶಿಪ್ ಕೊಡುವಾಗ ನಾವು ಯಾರನ್ನು ಬಿಟ್ಟುಬಿಡುತ್ತೇವೆ?

ಪ್ರತಿವರ್ಷ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟ್‌ಗಳ ದಿನಾಚರಣೆ ನಡೆಯುವಾಗ, ನಮ್ಮ ವೃತ್ತಿಗೆ ಬರುತ್ತಿರುವ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚುತ್ತಿದೆ ಎಂದು ವೇದಿಕೆಯಿಂದ ಹೆಮ್ಮೆಯಿಂದ ಹೇಳಲಾಗುತ್ತದೆ. ಹೆಮ್ಮೆಪಡಲು ಕಾರಣವೂ ಇದೆ. ಆದರೆ ಬೆಳಗಾವಿಯಲ್ಲಿ ಕಚೇರಿ ಇಟ್ಟುಕೊಂಡು ಹಲವು ವರ್ಷಗಳಿಂದ ಆರ್ಟಿಕಲ್ ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತಿರುವ ನನಗೆ, ಈ ಎಣಿಕೆ ನಡೆಯಬೇಕಾದ ಜಾಗದಲ್ಲಿ ನಡೆಯುತ್ತಿಲ್ಲ ಎನಿಸುತ್ತದೆ. ಪಾಸಾದವರ ಲೆಕ್ಕ ನಮ್ಮ ಬಳಿ ಇದೆ. ಇಂಟರ್ ಮುಗಿಸಿ ಆರ್ಟಿಕಲ್‌ಶಿಪ್ ಕೇಳಿಕೊಂಡು ನಾಲ್ಕಾರು ಕಚೇರಿಗಳ ಮೆಟ್ಟಿಲು ಹತ್ತಿಳಿದು ಊರಿಗೆ ಮರಳಿದವರ ಲೆಕ್ಕವನ್ನು, ಲೆಕ್ಕ ಇಡುವುದೇ ಕಸುಬಾಗಿರುವ ನಾವು ಯಾರೂ ಇಟ್ಟಿಲ್ಲ.

ಈ ವೃತ್ತಿಯ ಹೊರಗಿರುವವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸಿಎ ಆಗಲು ಫೌಂಡೇಶನ್, ಇಂಟರ್, ಫೈನಲ್ ಎಂಬ ಮೂರು ಹಂತದ ಪರೀಕ್ಷೆಗಳಿವೆ. ಇಂಟರ್ ಆದ ಮೇಲೆ, ಫೈನಲ್‌ಗೆ ಮೊದಲು, ವೃತ್ತಿನಿರತ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯಬೇಕು, ಇದೇ ಆರ್ಟಿಕಲ್‌ಶಿಪ್. ಮೂರು ವರ್ಷವಿದ್ದ ಈ ಅವಧಿಯನ್ನು 2023ರ ಹೊಸ ಪಠ್ಯಕ್ರಮ ಎರಡು ವರ್ಷಕ್ಕೆ ಇಳಿಸಿತು. ಪರೀಕ್ಷೆಯ ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಬರೆದವರ ಹೆಸರು, ಊರು, ಜಾತಿ ಯಾವುದೂ ತಿಳಿಯುವುದಿಲ್ಲ. ಆರ್ಟಿಕಲ್‌ಶಿಪ್ ಹಾಗಲ್ಲ, ಅದನ್ನು ಕೊಡುವವರು ನಮ್ಮಂಥ ಸಿಎಗಳು, ನಮ್ಮ ಕ್ಯಾಬಿನ್ನಿನಲ್ಲಿ ಕುಳಿತು, ಯಾರಿಗೂ ಕಾರಣ ಹೇಳದೆ. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಸ್ಥಾನ ಖಾಲಿಯಿದೆ ಎಂಬ ಪ್ರಕಟಣೆ ಹೊರಡುವುದು ಅಪರೂಪ. ಹಳೆಯ ಕ್ಲೈಂಟಿನ ಮಗ, ಬೀಗರ ಕಡೆಯ ಹುಡುಗ, ಸ್ನೇಹಿತರು ಫೋನ್ ಮಾಡಿ ಹೇಳಿದ ಹುಡುಗಿ ಎಂದು ಸ್ಥಾನಗಳು ತಾವಾಗಿಯೇ ತುಂಬುತ್ತವೆ. ಇದರಲ್ಲಿ ಯಾರ ಮೇಲೂ ದ್ವೇಷವಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ರಾಮದುರ್ಗದ ಹಳ್ಳಿಯೊಂದರಿಂದ ಬಂದ, ಮನೆತನದಲ್ಲಿ ಯಾರೂ ಆಡಿಟರ್ ಕಚೇರಿಯ ಬಾಗಿಲನ್ನೇ ಕಾಣದ ವಿದ್ಯಾರ್ಥಿಗೆ ಫೋನ್ ಮಾಡಿ ಹೇಳುವವರು ಯಾರಿದ್ದಾರೆ?

ವೃತ್ತಿಯ ಬಾಗಿಲನ್ನು ಕಾಯುವವರು ವೃತ್ತಿಯ ಒಳಗಿನವರೇ ಎಂಬುದು ಹಳೆಯ ಕಥೆ. ಲಂಡನ್ನಿನಲ್ಲಿ ಸ್ವಂತ ಕಚೇರಿ ನಡೆಸುತ್ತಿದ್ದ ಮೇರಿ ಹ್ಯಾರಿಸ್ ಸ್ಮಿತ್ 1891ರಲ್ಲಿ ಅಲ್ಲಿನ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಸದಸ್ಯತ್ವ ಕೇಳಿದಾಗ, ಆಕೆ ಹೆಂಗಸೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. 1919ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಆ ಅಡ್ಡಿಯನ್ನು ತೆಗೆದ ನಂತರ, 1920ರಲ್ಲಷ್ಟೇ ಆಕೆಗೆ ಪ್ರವೇಶ ಸಿಕ್ಕಿತು. ನಮ್ಮ ದೇಶದಲ್ಲಿ ಮದ್ರಾಸಿನ ಆರ್. ಶಿವಭೋಗಂ 1933ರಲ್ಲಿ ಅರ್ಹತೆ ಪಡೆದು ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು. ಇಂದು ಯಾವ ನಿಯಮವೂ ಹೆಣ್ಣುಮಕ್ಕಳನ್ನು ತಡೆಯುವುದಿಲ್ಲ. ತಡೆಯುವುದು ಕೆಲಸ ಹಂಚುವ ರೀತಿ, ಮತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಏಪ್ರಿಲ್ ಬಂದರೆ ಬ್ಯಾಂಕ್ ಶಾಖೆಗಳ ಆಡಿಟ್ ಆರಂಭವಾಗುತ್ತದೆ. ಅಥಣಿ, ಜಮಖಂಡಿ, ಇಂಡಿ, ಮುದ್ದೇಬಿಹಾಳ ಎಂದು ತಂಡಗಳು ಹೊರಡುತ್ತವೆ, ಹಗಲಿಡೀ ಸಾಲದ ಕಡತಗಳನ್ನು ನೋಡಿ ರಾತ್ರಿ ಲಾಡ್ಜಿನಲ್ಲಿ ಕುಳಿತು ವರದಿ ಬರೆಯುತ್ತವೆ. ಮಾರ್ಚ್ ಕೊನೆಯಲ್ಲಿ ಸಕ್ಕರೆ ಕಾರ್ಖಾನೆಗಳ ದಾಸ್ತಾನು ಪರಿಶೀಲನೆ ಇರುತ್ತದೆ, ಗೋದಾಮಿನಲ್ಲಿ ನಿಂತು ಚೀಲ ಎಣಿಸಬೇಕು. ಆಡಿಟ್ ಎಂಬುದನ್ನು ಕಲಿಯುವುದು ಅಲ್ಲಿ. ಶಾಖಾ ವ್ಯವಸ್ಥಾಪಕರ ಎದುರು ಕುಳಿತು, ಈ ಸಾಲ ಏಕೆ ವಸೂಲಾಗಿಲ್ಲ ಎಂದು ಮರ್ಯಾದೆಯಿಂದ, ಆದರೆ ಬಿಡದೆ ಕೇಳುವುದನ್ನು ಯಾವ ಪುಸ್ತಕವೂ ಕಲಿಸದು. ಈ ತಂಡಗಳಲ್ಲಿ ಹುಡುಗಿಯರು ಕಡಿಮೆ. "ಹೆಣ್ಣ ಹುಡುಗಿನ್ನ ಊರೂರು ಎಲ್ಲಿ ಕಳಸೋದ್ರಿ ಸರ, ನಾಳೆ ಏನರ ಆದ್ರ ಯಾರು ಜವಾಬ್ದಾರಿ?" ಎಂದು ಸಹೋದ್ಯೋಗಿಗಳು ಕೇಳುವುದುಂಟು. ಕಾಳಜಿ ನಿಜವಾದದ್ದೇ. ಆದರೆ ಅದರ ಫಲವಾಗಿ ಆ ಹುಡುಗಿ ಎರಡು ವರ್ಷ ಕಚೇರಿಯಲ್ಲೇ ಕುಳಿತು ಜಿಎಸ್‌ಟಿ ರಿಟರ್ನ್ ತುಂಬಿ, ಟ್ಯಾಲಿಯಲ್ಲಿ ಎಂಟ್ರಿ ಹಾಕಿ, ಆಡಿಟ್ ಅನುಭವವೇ ಇಲ್ಲದೆ ಫೈನಲ್ ಬರೆಯುತ್ತಾಳೆ. ಮುಂದೆ ಕೆಲಸದ ಸಂದರ್ಶನದಲ್ಲಿ ಅವಳಿಗೆ ಅನುಭವ ಸಾಲದು ಎಂದು ಹೇಳುವವರೂ ನಮ್ಮವರೇ ಆಗಿರುತ್ತಾರೆ.

ಪರಿಹಾರ ಕಷ್ಟದ್ದೇನಲ್ಲ. ಇಬ್ಬರು ಹುಡುಗಿಯರನ್ನು ಜೊತೆಯಾಗಿ ಕಳುಹಿಸಬಹುದು, ಒಳ್ಳೆಯ ವಸತಿಗೆ ತಗಲುವ ಹೆಚ್ಚಿನ ಖರ್ಚನ್ನು ಕಚೇರಿ ಭರಿಸಬಹುದು, ಹೊರಡುವ ಮೊದಲು ಮನೆಯವರೊಂದಿಗೆ ನಾವೇ ಮಾತನಾಡಬಹುದು. ಹೋಗುವುದೋ ಬಿಡುವುದೋ ಎಂಬ ತೀರ್ಮಾನ ಅವಳದಾಗಿರಬೇಕು; ಅವಳನ್ನು ಕೇಳದೆಯೇ ಪಟ್ಟಿಯಿಂದ ಹೆಸರು ಬಿಡುವುದು ರಕ್ಷಣೆಯಲ್ಲ. ಸಂಜೆಯೊಳಗೆ ಮರಳಬಹುದಾದ ಊರುಗಳ ಮಟ್ಟಿಗಂತೂ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚಿನ ನೆಪವೂ ಉಳಿದಿಲ್ಲ.

ಇನ್ನು ಭಾಷೆಯ ವಿಚಾರ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಸಿಎ ಪರೀಕ್ಷೆಗೆ ಇರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕಂಪನಿ ಕಾನೂನು, ಲೆಕ್ಕಪತ್ರ ಮಾನದಂಡಗಳು ಇಂಗ್ಲಿಷಿನಲ್ಲಿರುವಾಗ ಫೈನಲ್ ಕನ್ನಡದಲ್ಲಿ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಫೌಂಡೇಶನ್ನಿನ ನಾಲ್ಕು ಪತ್ರಿಕೆಗಳನ್ನು ಹಿಂದಿಯಲ್ಲಿ ಬರೆಯಲು ಸಾಧ್ಯವಿದ್ದರೆ ಕನ್ನಡದಲ್ಲಿ ಏಕಾಗದು ಎಂಬ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ವಿಚಿತ್ರವೆಂದರೆ, ಕಚೇರಿಯಲ್ಲಿ ನಮಗೆ ಬೇಕಾಗಿರುವುದು ಕನ್ನಡವೇ. ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ), ಸೌಹಾರ್ದ ಸಹಕಾರಿ, ನೇಕಾರರ ಸಂಘ, ಎಪಿಎಂಸಿಯ ದಲಾಲಿ ಅಂಗಡಿ ಎಲ್ಲೇ ಹೋದರೂ ನಡಾವಳಿ ಪುಸ್ತಕ ಕನ್ನಡದಲ್ಲಿರುತ್ತದೆ, ದಿನದ ಜಮಾ-ಖರ್ಚು ಬರೆಯುವ ರೋಜ್ ಕಿರ್ದಿ ಕನ್ನಡದಲ್ಲಿರುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಚುರುಕು ಹುಡುಗರು ಆ ಕೈಬರಹದ ಮುಂದೆ ತಡವರಿಸುತ್ತಾರೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಯಿಂದ ಬಂದ ಹುಡುಗಿಯೊಬ್ಬಳು ನೇಕಾರರ ಸಂಘದ ದಾಸ್ತಾನು ಪುಸ್ತಕ ನೋಡಿ, ಇಷ್ಟು ನೂಲಿಗೆ ಇಷ್ಟು ಸೀರೆ ಬರಲು ಸಾಧ್ಯವೇ ಇಲ್ಲ ಎಂದು ನಿಂತ ನಿಲುವಿನಲ್ಲಿ ಹೇಳಿದ್ದನ್ನು ನಾನು ಕಂಡಿದ್ದೇನೆ. ಬೇರೆ ಬೇರೆ ಹಿನ್ನೆಲೆಯವರನ್ನು ತೆಗೆದುಕೊಂಡರೆ ಗುಣಮಟ್ಟ ಕುಸಿಯುತ್ತದೆ ಎನ್ನುವವರಿಗೆ ನನ್ನ ಬಳಿ ಇರುವ ಉತ್ತರ ಅದು. ಬೆಳಗಾವಿಯಲ್ಲಿ ಮರಾಠಿ ಓದಬಲ್ಲವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಣದ ಮಾತನ್ನು ನಾವು ಸಂಕೋಚದಿಂದ ತಪ್ಪಿಸುತ್ತೇವೆ. ಕಚೇರಿ ಕೊಡಬೇಕಾದ ಕನಿಷ್ಠ ಸ್ಟೈಪೆಂಡ್ ಊರಿನ ಜನಸಂಖ್ಯೆಗೆ ಅನುಗುಣವಾಗಿ ನಿಗದಿಯಾಗುತ್ತದೆ. ಊರು ಸಣ್ಣದಾದಷ್ಟೂ ಮೊತ್ತ ಕಡಿಮೆ. ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಬಾಡಿಗೆ ಕೋಣೆ ಹಿಡಿದು ಖಾನಾವಳಿಯಲ್ಲಿ ಉಣ್ಣುವ ವಿದ್ಯಾರ್ಥಿಗೆ ಕನಿಷ್ಠವೆಂಬುದು ಸಾಲುವುದಿಲ್ಲ, ಆದ್ದರಿಂದ ಉಳಿದದ್ದನ್ನು ಮನೆಯಿಂದ ತರಿಸಬಲ್ಲವರು ಮಾತ್ರ ಉಳಿಯುತ್ತಾರೆ. ಜಮ್ಮು-ಕಾಶ್ಮೀರ, ಲಡಾಖ್ ಮತ್ತು ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳಿಗೆ ಸಿಎ ಪರೀಕ್ಷೆ ನಡೆಸುವ ನಮ್ಮ ರಾಷ್ಟ್ರೀಯ ಸಂಸ್ಥೆ ಐಸಿಎಐ ಶುಲ್ಕದಲ್ಲಿ ಶೇ. 75ರಷ್ಟು ರಿಯಾಯಿತಿ ಕೊಟ್ಟಿದೆ, ಅದು ಸರಿಯಾದ ಕ್ರಮ. ಹುಟ್ಟಿದ ಪ್ರದೇಶವೂ ಒಂದು ಅಡ್ಡಿ ಎಂದು ಒಮ್ಮೆ ಒಪ್ಪಿಕೊಂಡ ಮೇಲೆ, ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳ ವಿದ್ಯಾರ್ಥಿಗಳಿಗೂ ಅಂಥದ್ದೊಂದು ರಿಯಾಯಿತಿ ಕೇಳುವುದರಲ್ಲಿ ತಪ್ಪೇನಿದೆ?

ಅಂಗವಿಕಲ ವಿದ್ಯಾರ್ಥಿಗಳ ವಿಷಯದಲ್ಲಿ ಪರೀಕ್ಷಾ ವ್ಯವಸ್ಥೆ ನಮಗಿಂತ ಮುಂದಿದೆ. ಅಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಸಿಗುತ್ತದೆ. ನಮ್ಮ ಕಚೇರಿಗಳೋ ಹಳೆಯ ಪೇಟೆಯ ಕಟ್ಟಡಗಳ ಎರಡನೆಯ ಮಹಡಿಯಲ್ಲಿವೆ, ಲಿಫ್ಟ್ ಇಲ್ಲ. ನನ್ನ ಕಚೇರಿಯೂ ಅದಕ್ಕೆ ಹೊರತಲ್ಲ.

ಪ್ರತಿಭೆಯೊಂದನ್ನೇ ನೋಡಬೇಕು ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಅದನ್ನು ನಿಜವಾಗಿ ಪಾಲಿಸೋಣ ಎನ್ನುತ್ತೇನೆ. ನಮ್ಮ ಕಚೇರಿಯಲ್ಲಿ ಈಗ ಅರ್ಜಿಗಳಿಂದ ಅಡ್ಡಹೆಸರು, ಫೋಟೊ, ತಂದೆಯ ಉದ್ಯೋಗ ಇವನ್ನು ತೆಗೆದ ಮೇಲೆಯೇ ನನ್ನ ಮೇಜಿಗೆ ತರುತ್ತಾರೆ. ಬಂದವರಿಗೆಲ್ಲ ಒಂದೇ ಪರೀಕ್ಷೆ: ಬೇಕೆಂದೇ ತಪ್ಪುಗಳನ್ನು ಸೇರಿಸಿ ತಯಾರಿಸಿದ ಒಂದು ಸಹಕಾರಿ ಸಂಘದ ವೋಚರ್ ಕಟ್ಟು, ಜೊತೆಗೆ ಅದರ ನಡಾವಳಿ. ತಪ್ಪು ಹುಡುಕಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಕೊಡಬೇಕು. ಪರಿಚಯದ ಫೋನು ಈಗಲೂ ಬರುತ್ತವೆ. ಆ ವಿದ್ಯಾರ್ಥಿಗಳೂ ಇದೇ ಕಟ್ಟಿನ ಮುಂದೆ ಕೂರುತ್ತಾರೆ, ಕೆಲವರು ಚೆನ್ನಾಗಿಯೇ ಮಾಡುತ್ತಾರೆ. ಮುಂದಿನ ಇಂಟರ್ ಫಲಿತಾಂಶ ಬಂದ ವಾರ, ಎಷ್ಟು ಸ್ಥಾನ ಖಾಲಿಯಿವೆ, ಸ್ಟೈಪೆಂಡ್ ಎಷ್ಟು, ಹೊರಗಿನ ಆಡಿಟ್‌ಗೆ ಯಾರು ಯಾರು ಹೋದರು ಎಂಬುದನ್ನು ಈ ಬರಹ ಹಾಕಿರುವ ಜಾಲತಾಣದ ಇದೇ ಗೋಡೆಯ ಮೇಲೆ ಹಾಕುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳ ಸಹೋದ್ಯೋಗಿಗಳು ತಮ್ಮ ಕಚೇರಿಯ ವಿವರವನ್ನೂ ಅದರ ಕೆಳಗೆ ಬರೆದರೆ, ಹಳ್ಳಿಯ ವಿದ್ಯಾರ್ಥಿಗೆ ಯಾವ ಬಾಗಿಲು ತಟ್ಟಬೇಕೆಂಬುದಾದರೂ ತಿಳಿದೀತು.